ಗೋದಾಮಿನೊಳಗಿನ ಹೆಜ್ಜೆ ಲೆಕ್ಕ

ಸಂಜೆ ಏಳು ಗಂಟೆ. ಹೊರಗೆ ಆಷಾಢದ ಮಳೆ. ಶಿವಮೊಗ್ಗದ ವಿನೋಬನಗರದ ಒಂದು ಮನೆಯಲ್ಲಿ ಯಾರೋ ಫೋನ್ ಹಿಡಿದು ಹಾಲು, ಮೊಟ್ಟೆ, ತೊಗರಿಬೇಳೆ, ಅರ್ಧ ಕೆಜಿ ಟೊಮೇಟೊ, ಒಂದು ಕಟ್ಟು ಕೊತ್ತಂಬರಿ ಸೊಪ್ಪು ಆರ್ಡರ್ ಮಾಡುತ್ತಾರೆ. ಮಳೆಯಲ್ಲಿ ನೆನೆದು ಬಾಗಿಲಿಗೆ ಬರುವ ರೈಡರ್ ಹುಡುಗ ಎಲ್ಲರ ಕಣ್ಣಿಗೂ ಬೀಳುತ್ತಾನೆ. ಅವನ ಕೈಗೆ ಆ ಚೀಲ ಹೇಗೆ ಬಂತು ಅಂತ ಕೇಳುವವರು ಕಡಿಮೆ.

ಕೆಲವು ವರ್ಷ ನಾನು ಇಂಥ ಆರ್ಡರ್ ಕಳಿಸುವ ಒಂದು ಗೋದಾಮಿನಲ್ಲಿ ಶಿಫ್ಟ್ ಸೂಪರ್‌ವೈಸರ್ ಆಗಿದ್ದೆ. "ಏನು ಕೆಲಸ ಮಾರಾಯ ನಿಂದು?" ಅಂತ ಊರಿನವರು ಕೇಳಿದರೆ "ಹುಡುಗರನ್ನ ನೋಡ್ಕೊಳೋದು" ಅನ್ನುತ್ತಿದ್ದೆ. ಆ ಉತ್ತರ ಅರ್ಧ ಸುಳ್ಳು ಅಂತ ಗೊತ್ತಾಗಲು ಒಂದು ವರ್ಷ ಹಿಡಿಯಿತು. ಹುಡುಗರು ಎಲ್ಲಿಂದ ಎಲ್ಲಿಗೆ ನಡೆಯುತ್ತಾರೆ, ಯಾಕೆ ನಡೆಯುತ್ತಾರೆ ಅನ್ನುವುದನ್ನು ನೋಡಲು ಕಲಿತ ಮೇಲೆ ಕೆಲಸ ಹಗುರವಾಯಿತು.

ಮೊದಲು ಒಳಗೆ ಏನು ನಡೆಯುತ್ತದೆ ಅಂತ ಹೇಳಿಬಿಡುತ್ತೇನೆ. ಗಿರಾಕಿಗಳು ಒಳಗೆ ಬರದ ಅಂಗಡಿ ಇದು. ಅದಕ್ಕೇ ಡಾರ್ಕ್ ಸ್ಟೋರ್ ಅನ್ನುವ ಹೆಸರು. ಕತ್ತಲೆಯೇನೂ ಇರುವುದಿಲ್ಲ, ಟ್ಯೂಬ್‌ಲೈಟ್ ಜಾಸ್ತಿಯೇ ಇರುತ್ತವೆ. ಬೆಳಗಿನ ಜಾವ ಲಾರಿ, ಟೆಂಪೊಗಳಲ್ಲಿ ಬರುವ ಮಾಲನ್ನು ಎಣಿಸಿ, ಬಿಲ್ಲಿನ ಜೊತೆ ತಾಳೆ ನೋಡಿ ಒಳಗೆ ತೆಗೆದುಕೊಳ್ಳುವುದಕ್ಕೆ ಇನ್‌ವರ್ಡ್ ಅನ್ನುತ್ತಾರೆ. ಅದನ್ನು ಅದರ ಜಾಗಕ್ಕೆ ಸೇರಿಸುವುದು ಪುಟ್‌ಅವೇ. ಆರ್ಡರ್ ಬಂದಾಗ ಒಂದೊಂದೇ ಸಾಮಾನು ಎತ್ತಿಕೊಂಡು ಬರುವುದು ಪಿಕಿಂಗ್. ಆಮೇಲೆ ಪ್ಯಾಕಿಂಗ್, ಕೊನೆಗೆ ರೈಡರ್ ಕೈಗೆ ಕೊಡುವ ಡಿಸ್ಪ್ಯಾಚ್. ಹೇಳಿದರೆ ಇಷ್ಟೇ. ಆದರೆ ಸಾವಿರಾರು ಬಗೆಯ ಸಾಮಾನು, ನಿಮಿಷಕ್ಕೊಂದು ಆರ್ಡರ್, ಮೂರು ತಿಂಗಳಿಗೊಮ್ಮೆ ಬದಲಾಗುವ ಹುಡುಗರು ಸೇರಿದಾಗ ಈ ಸರಳ ಸರಪಳಿ ಎಲ್ಲಿ ಬೇಕಾದರೂ ತುಂಡಾಗುತ್ತದೆ.

ಗಾಂಧಿ ಬಜಾರಿನ ಹಳೇ ಕಿರಾಣಿ ಅಂಗಡಿ ನೆನಪಿಸಿಕೊಳ್ಳಿ. ಯಜಮಾನರು ಕೂತಲ್ಲಿಂದ ಏಳುವುದೇ ಇಲ್ಲ. ಸಕ್ಕರೆ, ಬೇಳೆ, ಟೀಪುಡಿ ಕೈಗೆಟುಕುವಷ್ಟು ದೂರದಲ್ಲಿ. ವರ್ಷಕ್ಕೆ ಎರಡು ಸಲ ಕೇಳುವ ಸಾಮಾನು ಅಟ್ಟದ ಮೇಲೆ. ಯಾವುದು ಎಲ್ಲಿದೆ ಅನ್ನುವ ನಕ್ಷೆ ಅವರ ತಲೆಯಲ್ಲಿ. ಅವರು ನಾಲ್ಕು ದಿನ ಮದುವೆಗೆ ಅಂತ ಊರಿಗೆ ಹೋದರೆ ಮಗನಿಗೆ ಲವಂಗ ಸಿಗುವುದಿಲ್ಲ.

ಗೋದಾಮಿನಲ್ಲಿ ಈ ನಕ್ಷೆ ಕಂಪ್ಯೂಟರಿನಲ್ಲಿರುತ್ತದೆ. ಪ್ರತಿ ರ‍್ಯಾಕ್‌ಗೆ ಒಂದು ಅಕ್ಷರ, ಅದರ ಪ್ರತಿ ಗೂಡಿಗೆ ಒಂದು ನಂಬರ್. ಗೂಡಿಗೆ ಬಿನ್ ಅನ್ನುತ್ತೇವೆ. ಪಿಕರ್ ಕೈಯಲ್ಲಿರುವ ಸ್ಕ್ಯಾನರ್, ಅಂದರೆ ನಮ್ಮ ಭಾಷೆಯಲ್ಲಿ "ಗನ್", ಎ-14ಕ್ಕೆ ಹೋಗು, ಬಿ-3ಕ್ಕೆ ಹೋಗು ಅಂತ ತೋರಿಸುತ್ತದೆ. ನಿನ್ನೆ ಸೇರಿದ ಹುಡುಗನೂ ಇವತ್ತು ಲವಂಗ ಹುಡುಕಬಲ್ಲ. ಆದರೆ ಲವಂಗವನ್ನು ಎ-14ರಲ್ಲಿ ಇಡಬೇಕೋ, ಎಫ್-40ರಲ್ಲಿ ಇಡಬೇಕೋ ಅನ್ನುವುದನ್ನು ಮನುಷ್ಯನೇ ಯೋಚಿಸಬೇಕು. ನಾನು ಇದ್ದ ಕಡೆಯಲ್ಲಂತೂ ಅದು ಸೂಪರ್‌ವೈಸರ್ ಕೆಲಸ.

ಪಿಕಿಂಗ್ ಮಾಡುವವರ ಸಮಯದಲ್ಲಿ ಹೆಚ್ಚೂ ಕಡಿಮೆ ಅರ್ಧ ನಡಿಗೆಗೇ ಹೋಗುತ್ತದೆ. ಸಾಮಾನು ಎತ್ತುವುದು, ಸ್ಕ್ಯಾನ್ ಮಾಡುವುದು ಎಲ್ಲ ಉಳಿದರ್ಧದಲ್ಲಿ. ನಮ್ಮಲ್ಲಿ ಹಾಲಿನ ಫ್ರಿಡ್ಜ್ ಪ್ಯಾಕಿಂಗ್ ಟೇಬಲ್‌ನಿಂದ ಹದಿನೈದು ಮೀಟರ್ ಹಿಂದೆ, ಮೂಲೆಯಲ್ಲಿತ್ತು. ಹೋಗಿ ಬರಲು 30 ಮೀಟರ್. ದಿನಕ್ಕೆ 400 ಆರ್ಡರಿನಲ್ಲಿ ಹಾಲು ಇದೆ ಅಂತ ಇಟ್ಟುಕೊಳ್ಳಿ. 12,000 ಮೀಟರ್. ಅಂದರೆ 12 ಕಿಲೋಮೀಟರ್. ಶಿವಮೊಗ್ಗದಿಂದ ಗಾಜನೂರು ಡ್ಯಾಮಿಗೆ ನಡೆದಷ್ಟಾಯಿತು, ಬರೀ ಹಾಲಿಗೋಸ್ಕರ. ಫ್ರಿಡ್ಜ್ ಯಾಕೆ ಅಲ್ಲಿತ್ತು? ಪ್ಲಗ್ ಪಾಯಿಂಟ್ ಅಲ್ಲಿತ್ತು, ಅಷ್ಟೇ. ಎಲೆಕ್ಟ್ರಿಷಿಯನ್ ಅರ್ಧ ದಿನದಲ್ಲಿ ಮುಗಿಸಿದ ಕೆಲಸವನ್ನು ನಾವು ಎಂಟು ತಿಂಗಳು ಕಾಲಿನಿಂದ ಮಾಡಿದ್ದೆವು.

ಹಾಗಾಗಿ ಹಾಲು, ಈರುಳ್ಳಿ, ಮೊಟ್ಟೆ, ಗೋಧಿಹಿಟ್ಟು, ಕೊತ್ತಂಬರಿಯಂಥ ದಿನಾ ಓಡುವ ಮಾಲು ಪ್ಯಾಕಿಂಗ್ ಟೇಬಲ್ ಹತ್ತಿರ ಇರಬೇಕು. ತಿಂಗಳಿಗೊಮ್ಮೆ ಹೋಗುವ ಬೂಟ್ ಪಾಲಿಷ್ ಕೊನೇ ರ‍್ಯಾಕ್‌ನಲ್ಲಿ ಇದ್ದರೆ ಸಾಕು. ಭಾರದ ಮಾಲು ಸೊಂಟದ ಎತ್ತರಕ್ಕೆ, ಹಗುರದ್ದು ಮೇಲೆ. ಅಕ್ಕಿ ಮೂಟೆ 25ರ ಬದಲು 26 ಕೆಜಿ ಯಾಕೆ ಅಂತ ಹೊಸಬರು ಕೇಳುತ್ತಾರೆ. 2022ರ ಜುಲೈನಲ್ಲಿ, 25 ಕೆಜಿವರೆಗೆ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ ಶೇ 5 ಜಿಎಸ್‌ಟಿ ಬಂತು. ಒಂದು ಕೆಜಿ ಜಾಸ್ತಿ ತುಂಬಿದರೆ ತೆರಿಗೆ ತಪ್ಪುತ್ತಿತ್ತು. ತೆರಿಗೆಯಿಂದ ತಪ್ಪಿಸಿಕೊಂಡ ಆ ಒಂದು ಕೆಜಿ ನಮ್ಮ ಹುಡುಗರ ಬೆನ್ನಿನ ಮೇಲೆ ಕೂತಿತು.

ಇನ್ನೊಂದು ನಿಯಮ ಮನೆ ಬುದ್ಧಿಗೆ ಪೂರಾ ಉಲ್ಟಾ. ಮನೆಯಲ್ಲಿ ಬೇಳೆಗಳನ್ನೆಲ್ಲ ಒಂದೇ ಕಡೆ ಸಾಲಾಗಿ ಇಡುತ್ತೇವೆ. ಇಲ್ಲಿ ಒಂದೇ ಥರ ಕಾಣುವ ಸಾಮಾನನ್ನು ಬೇರೆ ಬೇರೆ ಕಡೆ ಇಡಬೇಕು. ಒಂದೇ ಬ್ರ್ಯಾಂಡಿನ ಅರ್ಧ ಕೆಜಿ ಮತ್ತು ಒಂದು ಕೆಜಿ ತೊಗರಿಬೇಳೆ ಅಕ್ಕಪಕ್ಕ ಇದ್ದರೆ ರಾತ್ರಿ ಎಂಟೂವರೆಗೆ, ಕಣ್ಣು ಸೋತಾಗ, ಕೈ ತಪ್ಪು ಪ್ಯಾಕೆಟ್‌ಗೆ ಹೋಗಿಯೇ ಹೋಗುತ್ತದೆ.

ಈ ತೊಗರಿಬೇಳೆ ನನಗೆ ಪಾಠ ಕಲಿಸಿದ ಸಾಮಾನು. ಒಂದು ಸಂಜೆ ಮೂರು ಮನೆಗಳಿಂದ ದೂರು ಬಂತು. ಒಂದು ಕೆಜಿಗೆ ದುಡ್ಡು ಕೊಟ್ಟಿದ್ದೇವೆ, ಅರ್ಧ ಕೆಜಿ ಬಂದಿದೆ ಅಂತ. ಮೂರೂ ಆರ್ಡರ್ ಪಿಕ್ ಮಾಡಿದ್ದು ಭದ್ರಾವತಿಯಿಂದ ಓಡಾಡುತ್ತಿದ್ದ ಒಬ್ಬ ಹುಡುಗಿ. ಕರೆದು ನಾಲ್ಕು ಜನರ ಎದುರಿಗೆ ಬೈದೆ. ಅವಳು ಒಂದೇ ಮಾತು ಹೇಳಿದಳು: "ಸರ್, ಒಂದು ಕೆಜಿ ಬಿನ್‌ನಲ್ಲಿ ಇದ್ದಿದ್ದೇ ಅದು." ಹೋಗಿ ನೋಡಿದರೆ ನಿಜ. ಬೆಳಗ್ಗೆ ಇನ್‌ವರ್ಡ್‌ನಲ್ಲಿ ಎರಡು ಪೆಟ್ಟಿಗೆ ಬಂದಿದ್ದವು, ಒಂದು ಅರ್ಧ ಕೆಜಿಯದು, ಒಂದು ಒಂದು ಕೆಜಿಯದು. ಒಂದನ್ನು ಸ್ಕ್ಯಾನ್ ಮಾಡಿ ಎರಡನ್ನೂ ಅದೇ ಲೆಕ್ಕಕ್ಕೆ ಹಾಕಿದ್ದರು. ಸಂಜೆ ಪಿಕ್ ಮಾಡುವಾಗಲಾದರೂ ಗನ್ ಕೂಗಬೇಕಿತ್ತು. ಆದರೆ ಅವತ್ತು ಕರೆಂಟ್ ಇಲ್ಲದೆ ಗನ್‌ಗಳಲ್ಲಿ ಚಾರ್ಜ್ ಇರಲಿಲ್ಲ. ಸ್ಕ್ಯಾನ್ ಬಿಟ್ಟು ಕೈಯಲ್ಲಿ ನಂಬರ್ ಒತ್ತಿ ಮುಂದಕ್ಕೆ ಕಳಿಸಿ ಅಂತ ಹೇಳಿದವನು ನಾನೇ. ಇನ್‌ವರ್ಡ್ ಶೀಟಿನ ಕೆಳಗೆ ಇದ್ದ ಸಹಿಯೂ ನನ್ನದೇ.

ಬೈದದ್ದು ಎಲ್ಲರ ಎದುರಿಗೆ, ಕ್ಷಮೆ ಕೇಳಿದ್ದು ಅವಳೊಬ್ಬಳೇ ಇದ್ದಾಗ. ಅದೂ ತಪ್ಪೇ ಅಂತ ಈಗ ಅನ್ನಿಸುತ್ತದೆ.

ತಪ್ಪು ಹುಟ್ಟುವ ಜಾಗ ಒಂದು, ಕಾಣುವ ಜಾಗ ಇನ್ನೊಂದು. ಪಿಕಿಂಗ್‌ನಲ್ಲಿ ಕಾಣುವ ಎಷ್ಟೋ ತಪ್ಪುಗಳು ಬೆಳಗಿನ ಇನ್‌ವರ್ಡ್‌ನಲ್ಲಿ ಹುಟ್ಟಿರುತ್ತವೆ. ಕಂಪ್ಯೂಟರ್ ಮೂರು ಇದೆ ಅನ್ನುತ್ತದೆ, ಬಿನ್ ಖಾಲಿ. ಗಿರಾಕಿಗೆ "ಈ ಸಾಮಾನು ಸಿಗಲಿಲ್ಲ, ಹಣ ವಾಪಸ್" ಅಂತ ಮೆಸೇಜ್ ಹೋಗುತ್ತದೆ. ಇದಕ್ಕೆ ಮದ್ದು ವರ್ಷಕ್ಕೊಮ್ಮೆ ಅಂಗಡಿ ಮುಚ್ಚಿ ಎಲ್ಲ ಎಣಿಸುವುದಲ್ಲ. ದಿನಾ ಮಧ್ಯಾಹ್ನ ಆರ್ಡರ್ ಕಡಿಮೆ ಇರುವಾಗ ನಲವತ್ತೋ ಐವತ್ತೋ ಬಿನ್ ಎಣಿಸಿದರೆ ತಪ್ಪು ಹಳೆಯದಾಗುವ ಮೊದಲೇ ಸಿಗುತ್ತದೆ. ಹಳೇ ತಪ್ಪಿಗೆ ಕಾರಣ ಹುಡುಕಲು ಆಗುವುದಿಲ್ಲ, ಯಾರಿಗೂ ನೆನಪಿರುವುದಿಲ್ಲ.

"ಒಂದೆರಡು ತಪ್ಪು ಆಗುತ್ತೆ ಬಿಡಿ, ನೂರಕ್ಕೆ ತೊಂಬತ್ತೊಂಬತ್ತು ಸರಿ ಇದೆಯಲ್ಲ" ಅನ್ನುವವರಿಗೆ ನಾನು ಈ ಲೆಕ್ಕ ತೋರಿಸುತ್ತಿದ್ದೆ. ಒಂದು ಆರ್ಡರಿನಲ್ಲಿ 20 ಸಾಮಾನು. ಒಂದೊಂದು ಸಾಮಾನೂ ಸರಿ ಬರುವ ಸಾಧ್ಯತೆ ಶೇ 99. ಹಾಗಾದರೆ ಇಪ್ಪತ್ತೂ ಸರಿ ಇರುವ ಚೀಲ ಎಷ್ಟು? 0.99 ಅನ್ನು ಇಪ್ಪತ್ತು ಸಲ ಗುಣಿಸಿ ನೋಡಿ. ಸುಮಾರು ಶೇ 82. ಅಂದರೆ ನೂರು ಮನೆಯಲ್ಲಿ ಹದಿನೆಂಟು ಮನೆಯವರು ಏನೋ ಒಂದು ಸರಿ ಇಲ್ಲ ಅಂತ ಬೈದುಕೊಳ್ಳುತ್ತಾರೆ. ಒಂದೊಂದು ಸಾಮಾನು ಶೇ 99.9 ಸರಿ ಇದ್ದರೆ ಮಾತ್ರ ಚೀಲ ಶೇ 98ಕ್ಕೆ ಬರುತ್ತದೆ. ಶೇ 99 ಅನ್ನುವುದು ಪರೀಕ್ಷೆಯಲ್ಲಿ ಒಳ್ಳೇ ಅಂಕ, ಗೋದಾಮಿನಲ್ಲಿ ಫೇಲ್. ಅದಕ್ಕೇ ಪ್ಯಾಕಿಂಗ್ ಟೇಬಲ್ ಮೇಲೆ ತೂಕದ ಯಂತ್ರ ಇಡುತ್ತಾರೆ. ಚೀಲ ಇಷ್ಟು ತೂಗಬೇಕು ಅಂತ ಕಂಪ್ಯೂಟರಿಗೆ ಗೊತ್ತು. ಅರ್ಧ ಕೆಜಿ ಕಮ್ಮಿ ತೂಗಿದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಇನ್ನು ಜನ ಎಷ್ಟು ಬೇಕು ಅನ್ನುವ ಪ್ರಶ್ನೆ. ಬೆಂಗಳೂರಿನ ಆಫೀಸಿನವರ ಜೊತೆ ನನಗೆ ಅತಿ ಹೆಚ್ಚು ಜಗಳ ಆಗಿದ್ದು ಇದಕ್ಕೇ. ಸಂಜೆ ಒಂದು ಗಂಟೆಯಲ್ಲಿ 90 ಆರ್ಡರ್ ಬರುತ್ತವೆ ಅನ್ನಿ. ಒಂದನ್ನು ಪಿಕ್ ಮಾಡಲು 4 ನಿಮಿಷ. ಒಟ್ಟು 360 ನಿಮಿಷದ ಕೆಲಸ. ಭಾಗಿಸಿದರೆ ಆರು ಜನ. "ಆರು ಜನ ಸಾಕಲ್ಲ, ಎಂಟು ಯಾಕೆ? ಕ್ಯಾಮೆರಾದಲ್ಲಿ ನೋಡಿದರೆ ಇಬ್ಬರು ಸುಮ್ನೆ ನಿಂತಿದ್ದಾರೆ" ಅನ್ನುತ್ತಿದ್ದರು.

ಭಾಗಾಕಾರ ಸರಿ ಇದೆ. ಆದರೆ ಆರ್ಡರ್‌ಗಳು ಶಾಲೆ ಮಕ್ಕಳ ಹಾಗೆ ಸಾಲಾಗಿ ಬರುವುದಿಲ್ಲ. ಮಳೆ ಶುರುವಾದ ತಕ್ಷಣ ಹತ್ತು ಒಟ್ಟಿಗೆ ಬರುತ್ತವೆ, ಆಮೇಲೆ ಎರಡು ನಿಮಿಷ ಏನೂ ಇಲ್ಲ. ಒಂದರಲ್ಲಿ ಎರಡು ಸಾಮಾನು, ಇನ್ನೊಂದರಲ್ಲಿ ನಲವತ್ತು. ಒಂದೇ ಕೌಂಟರ್ ಇರುವ ಅಂಗಡಿ ಊಹಿಸಿಕೊಳ್ಳಿ. ಜನ ಮನಸ್ಸಿಗೆ ಬಂದ ಹೊತ್ತಿಗೆ ಬರುತ್ತಾರೆ. ಕೌಂಟರಿನವನು ಅರ್ಧ ಹೊತ್ತು ಮಾತ್ರ ಬಿಡುವಿಲ್ಲದೆ ಇದ್ದರೆ ಅಂಗಡಿಯಲ್ಲಿ ಸರಾಸರಿ ಒಬ್ಬರು ಇರುತ್ತಾರೆ. ಶೇ 80ರಷ್ಟು ಹೊತ್ತು ಕೆಲಸ ಇದ್ದರೆ ನಾಲ್ಕು ಜನ. ಶೇ 90 ಆದರೆ ಒಂಬತ್ತು. ಶೇ 95 ಆದರೆ ಹತ್ತೊಂಬತ್ತು. ಸರತಿ ಸಾಲಿನ ಗಣಿತದ ಮೊದಲ ಪಾಠವೇ ಇದು. ಕೆಲಸ ಸ್ವಲ್ಪ ಜಾಸ್ತಿಯಾದರೆ ಸಾಲು ಸ್ವಲ್ಪ ಬೆಳೆಯುವುದಿಲ್ಲ, ಒಮ್ಮೆಲೇ ಬಾಲ ಬಿಚ್ಚುತ್ತದೆ. ಹತ್ತು ನಿಮಿಷದಲ್ಲಿ ತಲುಪಿಸುತ್ತೇವೆ ಅಂತ ಮಾತು ಕೊಟ್ಟ ಜಾಗದಲ್ಲಿ ಆ ಬಾಲಕ್ಕೆ ಜಾಗವಿಲ್ಲ. ಆರು ಜನರ ಕೆಲಸಕ್ಕೆ ಎಂಟು ಜನ ಇದ್ದರೆ ಒಬ್ಬೊಬ್ಬರಿಗೆ ಶೇ 75 ಹೊತ್ತು ಕೆಲಸ. ಕ್ಯಾಮೆರಾದಲ್ಲಿ ಸುಮ್ನೆ ನಿಂತ ಹಾಗೆ ಕಂಡವರು ಮುಂದಿನ ಹತ್ತು ಆರ್ಡರಿಗಾಗಿ ನಿಂತವರು.

ಎಷ್ಟು ಆರ್ಡರ್ ಬರಬಹುದು ಅಂತ ಕಂಪ್ಯೂಟರ್ ಅಂದಾಜು ಕೊಡುತ್ತದೆ. ಅದಕ್ಕೆ ದೀಪಾವಳಿ ಗೊತ್ತು. ಭೂಮಿ ಹುಣ್ಣಿಮೆ ಗೊತ್ತಿರಲಿಲ್ಲ. ನಮ್ಮ ಮಲೆನಾಡಿನಲ್ಲಿ ಅವತ್ತು ಗದ್ದೆ, ತೋಟಕ್ಕೆ ಎಡೆ ಇಡುತ್ತಾರೆ. ಹಿಂದಿನ ದಿನ ತೆಂಗಿನಕಾಯಿ, ಬೆಲ್ಲ, ತರಕಾರಿ ಮಧ್ಯಾಹ್ನಕ್ಕೇ ಖಾಲಿ. ಎರಡು ವರ್ಷಕ್ಕೊಮ್ಮೆ ಬರುವ ಕೋಟೆ ಮಾರಿಕಾಂಬೆ ಜಾತ್ರೆಯೂ ಹಾಗೇ. ಹೋದ ವರ್ಷದ ಅಂಕಿ ನೋಡಿ ಅಂದಾಜು ಮಾಡಿದರೆ ಮೋಸ ಹೋಗುತ್ತೀರಿ, ಹೋದ ವರ್ಷ ಜಾತ್ರೆಯೇ ಇರಲಿಲ್ಲ! ಗೋಡೆಯ ಮೇಲೆ ಒಂದು ಪಂಚಾಂಗ ಕ್ಯಾಲೆಂಡರ್ ಇರಲಿ.

ವೇಗ ಅಳೆಯುವ ವಿಷಯ. ಗಂಟೆಗೆ ಯಾರು ಎಷ್ಟು ಪಿಕ್ ಮಾಡಿದರು ಅಂತ ಬೋರ್ಡಿನಲ್ಲಿ ಬರೆದು ಮೊದಲು ಬಂದವನಿಗೆ ಬಹುಮಾನ ಕೊಡುವುದು ಎಲ್ಲ ಕಡೆ ಇದೆ. ನಾನೂ ಮಾಡಿದ್ದೆ. ಎರಡೇ ವಾರ. ಚುರುಕು ಹುಡುಗರು ಸಣ್ಣ ಆರ್ಡರ್ ಬರುವವರೆಗೆ ಬಾತ್‌ರೂಮಿನಲ್ಲಿ ಕಾಯಲು ಕಲಿತರು. ಟೊಮೇಟೊ ಒತ್ತಿ ನೋಡುವುದು ನಿಂತಿತು. ಎಕ್ಸ್‌ಪೈರಿ ದಿನಾಂಕ ಯಾರೂ ಓದಲಿಲ್ಲ. ಹುಡುಗರದ್ದು ತಪ್ಪಲ್ಲ, ನಾನು ಅಳೆದಿದ್ದನ್ನೇ ಅವರು ಕೊಟ್ಟರು. ಆಮೇಲೆ ವೇಗದ ಪಕ್ಕದಲ್ಲೇ ತಪ್ಪಿನ ಲೆಕ್ಕವನ್ನೂ ಇಟ್ಟೆವು. ಹೆಸರು ಬರೆಯದೆ, ಶಿಫ್ಟ್ ಲೆಕ್ಕದಲ್ಲಿ.

ಎಕ್ಸ್‌ಪೈರಿ ಅಂದೆನಲ್ಲ. ಮೊದಲು ಬಂದದ್ದು ಮೊದಲು ಹೋಗಲಿ ಅನ್ನುವುದು ಹಳೇ ಗೋದಾಮಿನ ನಿಯಮ. ತಿನ್ನುವ ಸಾಮಾನಿಗೆ ಅದು ಸಾಲದು. ನಿನ್ನೆ ಬಂದ ಬ್ರೆಡ್‌ಗಿಂತ ಇವತ್ತು ಬಂದ ಬ್ರೆಡ್ ಮೊದಲೇ ಕೆಡುವಂಥದ್ದಾಗಿರಬಹುದು. ಹಾಗಾಗಿ ಯಾವುದು ಮೊದಲು ಕೆಡುತ್ತದೋ ಅದು ಮುಂದೆ. 2024ರ ನವೆಂಬರಿನಲ್ಲಿ ಆಹಾರ ಸುರಕ್ಷತೆಯ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಆನ್‌ಲೈನ್ ಮಾರಾಟಗಾರರಿಗೆ ಇನ್ನೊಂದು ಮಾತು ಹೇಳಿತು. ಮನೆಗೆ ತಲುಪುವಾಗ ಸಾಮಾನಿನ ಬಾಳಿಕೆಯಲ್ಲಿ ಶೇ 30 ಆದರೂ ಉಳಿದಿರಬೇಕು, ಅಥವಾ ಎಕ್ಸ್‌ಪೈರಿಗೆ 45 ದಿನ ಇರಬೇಕು. ಅಂದರೆ ಎಕ್ಸ್‌ಪೈರಿ ಆಗದಿದ್ದರೂ ಕೆಲವು ಮಾಲನ್ನು ಮೊದಲೇ ರ‍್ಯಾಕ್‌ನಿಂದ ಇಳಿಸಬೇಕು.

ಮಳೆಗಾಲದ ಕಥೆ ಬೇರೆ. ಆಗುಂಬೆಯಷ್ಟು ಮಳೆ ನಗರಕ್ಕೆ ಇಲ್ಲ, ಆದರೂ ಜುಲೈ ತಿಂಗಳಲ್ಲಿ ಗೋಡೆ ಬೆವರುತ್ತದೆ. ರಟ್ಟಿನ ಪೆಟ್ಟಿಗೆ ತೇವ ಹೀರಿ ಮೆತ್ತಗಾಗುತ್ತದೆ. ಬೇಸಿಗೆಯಲ್ಲಿ ಎಂಟು ಪೆಟ್ಟಿಗೆ ಒಂದರ ಮೇಲೊಂದು ನಿಲ್ಲುತ್ತವೆ, ಮಳೆಗಾಲದಲ್ಲಿ ಐದಕ್ಕೇ ಕೆಳಗಿನದು ಕುಸಿಯುತ್ತದೆ. ಬೆಲ್ಲ ನೀರೊಡೆಯುತ್ತದೆ. ಬಿನ್ ಮೇಲಿನ ಬಾರ್‌ಕೋಡ್ ಸ್ಟಿಕರ್ ಸುರುಳಿ ಸುತ್ತಿಕೊಂಡು ಬೀಳುತ್ತದೆ. ಅಜ್ಜಿಯರು ಹುಳಿ, ಹಪ್ಪಳವನ್ನು ಅಟ್ಟಕ್ಕೆ ಏರಿಸುತ್ತಿದ್ದದ್ದು ಸುಮ್ನೆ ಅಲ್ಲ. ಮಾಲನ್ನು ನೆಲಕ್ಕೆ ತಾಗಿಸದೆ ಪ್ಯಾಲೆಟ್ ಅನ್ನುವ ಹಲಗೆ ಮಣೆಯ ಮೇಲೆ ಇಡಬೇಕು, ಗೋಡೆಯಿಂದ ಒಂದು ಗೇಣಾದರೂ ಬಿಡಬೇಕು. ಗಾಳಿಯಾಡುತ್ತದೆ, ಇಲಿ ಬಂದರೆ ಕಾಣುತ್ತದೆ. ರೈಡರ್‌ಗಳ ರೇನ್‌ಕೋಟಿನಿಂದ ತೊಟ್ಟಿಕ್ಕುವ ನೀರಿನಲ್ಲಿ ನಮ್ಮ ಪ್ಯಾಕರ್ ಒಬ್ಬ ಜಾರಿ ಮೊಣಕೈ ಮುರಿದುಕೊಂಡ. ಅದಾದ ಮೇಲೆ ಹೊರಗಡೆಗೇ ಒಂದು ಕಿಟಕಿ ಮಾಡಿಸಿ ಚೀಲ ಅಲ್ಲಿಂದ ಕೊಟ್ಟೆವು.

ಫ್ರಿಡ್ಜ್ 5 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ, ಐಸ್‌ಕ್ರೀಮ್ ಇರುವ ಫ್ರೀಜರ್ ಮೈನಸ್ 18 ಅಥವಾ ಇನ್ನೂ ಕೆಳಗೆ. ಇದು ಎಲ್ಲರಿಗೂ ಗೊತ್ತು. ಬಾಳೆಹಣ್ಣನ್ನು ಮಾತ್ರ ಫ್ರಿಡ್ಜಿಗೆ ಹಾಕಬೇಡಿ, ಸಿಪ್ಪೆ ಕಪ್ಪಾಗುತ್ತದೆ. ಸೊಪ್ಪಿನ ಪಕ್ಕದಲ್ಲೂ ಇಡಬೇಡಿ. ಹಣ್ಣಾಗುವ ಬಾಳೆ ಎಥಿಲೀನ್ ಅನಿಲ ಬಿಡುತ್ತದೆ, ಸೊಪ್ಪು ಬೇಗ ಹಳದಿ.

ಕೊನೆಗೆ ಜನರ ಮಾತು. ರೈಡರ್ ಮತ್ತು ಪಿಕರ್ ಒಂದೇ ಬಾಗಿಲಲ್ಲಿ ಓಡಾಡಿದರೂ ಕಾನೂನಿನ ಕಣ್ಣಿಗೆ ಬೇರೆ ಬೇರೆ. 2025ರಲ್ಲಿ ರಾಜ್ಯ ತಂದ ಗಿಗ್ ಕಾರ್ಮಿಕರ, ಅಂದರೆ ಆ್ಯಪ್ ಮೂಲಕ ಕೆಲಸ ಮಾಡುವವರ ಕಾನೂನು ರೈಡರ್‌ನಂಥವರಿಗೆ. ಒಳಗಿನ ಪಿಕರ್ ಸಾಮಾನ್ಯವಾಗಿ ಗುತ್ತಿಗೆದಾರನ ಮೂಲಕ ಬಂದ ಸಂಬಳದ ನೌಕರ. ಅವನಿಗೆ ಪಿಎಫ್ ಕಟ್ಟಬೇಕು, ಚಿಕಿತ್ಸೆಗೆ ಆಗುವ ಇಎಸ್‌ಐ ವಿಮೆಯನ್ನೂ ಕಟ್ಟಬೇಕು. ಸಂಬಳದಲ್ಲಿ ಮುರಿದ ಶೇ 0.75 ಇಎಸ್‌ಐ ಎಲ್ಲಿಗೆ ಹೋಯಿತು, ಕಾರ್ಡ್ ಎಲ್ಲಿ ಅಂತ ಕೇಳಲು ಅವನಿಗೆ ಗೊತ್ತಿರುವುದಿಲ್ಲ. ಮೊಣಕೈ ಮುರಿದ ದಿನ ಗೊತ್ತಾಗುತ್ತದೆ. ಸೂಪರ್‌ವೈಸರ್ ಅದಕ್ಕಿಂತ ಮೊದಲೇ ಗುತ್ತಿಗೆದಾರನನ್ನು ಕೇಳಿರಬೇಕು. ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯಲ್ಲಿ ಕೆಲಸದ ಹೊತ್ತು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಮೀರಿದರೆ ದುಪ್ಪಟ್ಟು ಕೂಲಿ. "ಇನ್ನೊಂದರ್ಧ ಗಂಟೆ ಇರು ತಮ್ಮ" ಅನ್ನುವ ಮುಂಚೆ ಎರಡು ಲೆಕ್ಕ ನೋಡಬೇಕು, ಆ ಓವರ್‌ಟೈಮ್ ಯಾರು ಬರೆಯುತ್ತಾರೆ, ಅವನ ಕೊನೇ ಬಸ್ ಎಷ್ಟು ಹೊತ್ತಿಗೆ.

ಅಡಿಕೆ ಕೊಯ್ಲು ಶುರುವಾದರೆ ಹಾಜರಿ ಪುಸ್ತಕ ತೆಳ್ಳಗಾಗುತ್ತದೆ. ತೀರ್ಥಹಳ್ಳಿ, ಹೊಸನಗರ ಕಡೆಯ ಹುಡುಗರು ಊರಿಗೆ ಹೊರಡುತ್ತಾರೆ. ಸುಲಿದಷ್ಟಕ್ಕೆ ಕೂಲಿ, ಮನೆ ಊಟ, ಬೈಯುವವರಿಲ್ಲ. ಮೊದಲ ವರ್ಷ ನಾನು "ಹೋದರೆ ವಾಪಸ್ ಬರಬೇಡಿ" ಅಂದೆ. ನಿಜವಾಗಿಯೂ ಬರಲಿಲ್ಲ. ಹೊಸಬರಿಗೆ ಕಲಿಸುವುದರಲ್ಲೇ ಫೆಬ್ರವರಿ ಮುಗಿಯಿತು. ಮುಂದಿನ ವರ್ಷ ಸೆಪ್ಟೆಂಬರಿನಲ್ಲೇ ಯಾರು ಯಾವಾಗ ಹೋಗುತ್ತೀರಿ ಅಂತ ಪಟ್ಟಿ ಮಾಡಿ, ಕಾಲೇಜು ಹುಡುಗರನ್ನು ಸಂಜೆ ನಾಲ್ಕು ಗಂಟೆಯ ಶಿಫ್ಟಿಗೆ ತಯಾರು ಮಾಡಿದೆ. ಊರಿಗೆ ಹೋದವರಲ್ಲಿ ಹೆಚ್ಚಿನವರು ವಾಪಸ್ ಬಂದರು. ಅಂದಹಾಗೆ ಅಡಿಕೆ ಮನೆಯಿಂದ ಬಂದವರನ್ನು ಇನ್‌ವರ್ಡ್‌ಗೆ ಹಾಕಿ ನೋಡಿ. ಅಡಿಕೆಯನ್ನು ರಾಶಿ, ಬೆಟ್ಟೆ, ಗೊರಬಲು ಅಂತ ದರ್ಜೆ ನೋಡಿ ಬೇರೆ ಮಾಡಿ ಪಳಗಿದ ಕೈ ಅದು. ಕ್ರೇಟಿನ ಒಳಗೆ ಕೈ ಹಾಕಿ, ನೋಡದೆಯೇ ಕೊಳೆತ ಟೊಮೇಟೊ ಹೊರಗೆ ತೆಗೆಯುತ್ತಾರೆ.

ಹೊಸದಾಗಿ ಸೂಪರ್‌ವೈಸರ್ ಆದವರು ಏನು ಮಾಡಬೇಕು ಅಂತ ಯಾರಾದರೂ ಕೇಳಿದರೆ, ಮೊದಲ ವಾರ ಗನ್ ಹಿಡಿದು ದಿನಾ ಇಪ್ಪತ್ತು ಆರ್ಡರ್ ನೀವೇ ಪಿಕ್ ಮಾಡಿ ಅನ್ನುತ್ತೇನೆ. ನಾನು ಇದನ್ನು ಮಾಡಿದ್ದು ತಡವಾಗಿ, ಒಂದು ದೀಪಾವಳಿ ಹಿಂದಿನ ಸಂಜೆ, ಇಬ್ಬರು ರಜೆ ಹಾಕಿದಾಗ. ಒಂಬತ್ತು ಗಂಟೆ ಹೊತ್ತಿಗೆ ಮೀನಖಂಡ ಹಿಡಿದುಕೊಂಡಿತು. ಹಬ್ಬದ ಸಂಜೆ, ಪ್ರತಿ ಆರ್ಡರಿನಲ್ಲೂ ತುಪ್ಪ. ತುಪ್ಪ ಇದ್ದದ್ದು ಸಿ ರ‍್ಯಾಕ್‌ನ ತೀರಾ ಕೆಳಗಿನ ಸಾಲಿನಲ್ಲಿ, ಪ್ರತಿ ಸಲ ಕುಕ್ಕರಗಾಲಲ್ಲಿ ಕೂತು ಎದ್ದೇಳಬೇಕು. ಪಕ್ಕದಲ್ಲಿದ್ದ ಹುಡುಗನಿಗೆ "ಇದನ್ನ ಇಲ್ಲಿ ಯಾರು ಇಟ್ಟಿದ್ದು?" ಅಂದೆ. "ನೀವೇ ಸರ್, ಗಣಪತಿ ಹಬ್ಬಕ್ಕೆ" ಅಂದ. ಅವತ್ತು ರಾತ್ರಿ ಬಾಗಿಲು ಹಾಕಿದ ಮೇಲೆ ಇಬ್ಬರೂ ಸೇರಿ ತುಪ್ಪವನ್ನು ಸೊಂಟದ ಎತ್ತರಕ್ಕೆ ಏರಿಸಿ, ಹೊಸ ಬಿನ್ ನಂಬರ್ ಹಾಕಿ ಮನೆಗೆ ಹೋದೆವು.